ಶಶಿಕಲಾ ಅಕ್ಕೋರು ಮತ್ತು ಒಂದು ತಂಬಿಗೆ ನೀರು

ಶಶಿಕಲಾ ಅಕ್ಕೋರಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. ಬೈಸಿಕೊಳ್ಳುವ ಮಕ್ಕಳು ಬೈಗುಳ ಕೇಳಿಸಲೆಂದು ಬೆಂಚಿನಿಂದ ಮುಂದಕ್ಕೆ ಬಾಗಬೇಕಾಗುತ್ತಿತ್ತು. ಮಮದಾಪುರದ ಆಚೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಾನು ಗೋಕಾಕದಲ್ಲಿ ದಿನಪತ್ರಿಕೆಯೊಂದರ ವರದಿಗಾರ. ಶಾಲೆಯ ಛಾವಣಿ ಸೋರುವ ಸುದ್ದಿಗೆ ಹೋದಾಗ ಪರಿಚಯವಾಯಿತು. "ಬರೇ ಛತ್ತಿನ ಫೋಟೊ ತಗೀಬ್ಯಾಡ್ರಿ, ಅದರ ಬುಡಕ ಕುಂತಾವ್ರದೂ ತಗೀರಿ" ಎಂದಿದ್ದರು.

ಅವರು ಮೂಡಲಗಿ ಕಡೆಯ ಕುರಿಗಾರರ ಮಗಳು. ತರಗತಿಯಲ್ಲಿ ಗದ್ದಲವೆದ್ದರೆ, "ನಮ್ಮಪ್ಪನ ಕುರಿ ನಿಮಗಿಂತ ಶಾಣ್ಯಾ ಇದ್ದೂ. ಒಂದ ಸೀಟಿ ಹೊಡದ್ರ ಸುಮ್ಮನಾಗ್ತಿದ್ದೂ" ಎನ್ನುವರು. ಇನ್ನೊಂದು ಮಾತು ದಿನಕ್ಕೆ ಮೂರು ಸಲವಾದರೂ ಬರುತ್ತಿತ್ತು: "ಪಾಠ ಬಾಯಿಗಿ ಬಂದ್ರ ಸಾಲೂದಿಲ್ಲ, ಕೈಗಿ ಬರಬೇಕು."

ಒಂಬತ್ತನೆಯ ತರಗತಿಗೆ ಅವರು ಯುರೋಪಿನಲ್ಲಿ ಯಹೂದಿಗಳನ್ನು ಮನೆಮನೆಯಿಂದ ಎಳೆದೊಯ್ದ ಕಥೆ ಹೇಳಿದ ದಿನ ಒಬ್ಬ ಹುಡುಗಿ ಕೇಳಿದಳಂತೆ: "ಅವರ ಗೆಳತ್ಯಾರು ಏನ ಮಾಡಿದ್ರ್ರಿ, ಅಕ್ಕೋರ?" ಆ ಪ್ರಶ್ನೆಯಿಂದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಾಟಕ ಹುಟ್ಟಿತು. ರೂತ್ ಎಂಬ ಯಹೂದಿ ಹುಡುಗಿಯನ್ನು ಅವಳ ಗೆಳತಿ ಆನ್ನಾ ಮತ್ತು ಸಂಗಡಿಗರು ಬಚ್ಚಿಟ್ಟು ಗಡಿ ದಾಟಿಸುತ್ತಾರೆ. ಎಲ್ಲಿ ಬಚ್ಚಿಡುವುದೆಂದು ಕೇಳಿದಾಗ ಮಕ್ಕಳು ಒಟ್ಟಿಗೆ ಹೇಳಿದ್ದು ಹಗೇವು. ಜೋಳ ತುಂಬುವ ನೆಲದೊಳಗಿನ ಕಣಜ ಯುರೋಪಿನಲ್ಲಿ ಇತ್ತೋ ಇಲ್ಲವೋ ಎಂದು ಅಕ್ಕೋರು ತಕರಾರು ತೆಗೆಯಲಿಲ್ಲ. ಬರೆದುಕೊಂಡರು.

ತಾಲೀಮು ನೋಡಲು ನನ್ನನ್ನು ಕರೆದರು. ರೂತ್ ಆಗಿದ್ದವಳು ಸುಜಾತಾ. ಅವಳ ಮನೆಯವರು ಬೌದ್ಧರಾದ ದಲಿತರು. ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದರು. ಆನ್ನಾ ಆಗಿದ್ದವಳು ಭಾಗ್ಯಶ್ರೀ. ಅವಳ ತಂದೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಸುಜಾತಾಳ ತಾಯಿ ಕೂಲಿಗೆ ಹೋಗುತ್ತಿದ್ದುದು ಅವರದೇ ಕಬ್ಬಿನ ಹೊಲಕ್ಕೆ. ಇಬ್ಬರು ಹುಡುಗಿಯರೂ ಒಂದೇ ಬೆಂಚಿನವರು, ಬಿಸಿಯೂಟಕ್ಕೂ ಒಂದೇ ಸಾಲಿನಲ್ಲಿ ಕೂರುವವರು.

ಎರಡು ದಿನ ನೀರಿಲ್ಲದ ರೂತ್‌ಗೆ ಆನ್ನಾ ನೀರು ತರುವ ದೃಶ್ಯ ಬಂತು. ತಂಬಿಗೆ ಖಾಲಿ ಇತ್ತು. ಸುಜಾತಾ ಮಂಡಿಯೂರಿ ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಚ್ಚಿದಳು. ಭಾಗ್ಯಶ್ರೀ ಗೇಣು ಮೇಲೆ ತಂಬಿಗೆ ಹಿಡಿದು, ಎಲ್ಲಿಯೂ ತಾಗದ ಹಾಗೆ, ಇಲ್ಲದ ನೀರನ್ನು ಎತ್ತಿ ಹೊಯ್ದಳು. ಯಾರೂ ನಗಲಿಲ್ಲ. ಯಾರಿಗೂ ಅದರಲ್ಲಿ ಏನೂ ಕಾಣಲಿಲ್ಲ.

ಅಕ್ಕೋರ ದನಿ ಇಳಿಯಿತು. "ಹಂಗ ಹೊಯ್ಯಾಕ ಯಾರ ಹೇಳಿಕೊಟ್ರವ್ವಾ?"

"ಯಾರೂ ಇಲ್ರಿ" ಎಂದಳು ಭಾಗ್ಯಶ್ರೀ. "ಆಳ ಮಂದಿಗಿ ಹಂಗ ಹೊಯ್ಯೂದಲ್ರಿ?"

ಮಕ್ಕಳು ಹೋದ ಮೇಲೆ ಅಕ್ಕೋರು ಖಾಲಿ ತಂಬಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟರು. ನಂತರ, "ಜೀವಾ ಒತ್ತಿ ಇಟ್ಟು ಹಗೇವಿನ್ಯಾಗ ಬಚ್ಚಿಡ್ತಾಳ, ತಂಬಿಗಿ ಮಾತ್ರ ಮುಟ್ಟಿಸಿಗೊಡೂದಿಲ್ಲ" ಎಂದರು. ತಮ್ಮ ಕೈ ನೋಡಿಕೊಂಡು, "ನಮ್ಮವ್ವನೂ ಹಿಂಗ ಹೊಯ್ತಿದ್ಲ್ರಿ. ನಾನೂ ಹೊಯ್ದೇನಿ. ಆ ಕೈಯಿಂದನ ಈ ನಾಟಕಾ ಬರದೇನಿ" ಎಂದರು.

ಮರುದಿನ ದೃಶ್ಯ ಬದಲಾಯಿತು. ಆನ್ನಾ ತಂಬಿಗೆಯನ್ನು ರೂತ್ ಕೈಗೆ ಕೊಡಬೇಕು, ರೂತ್ ಕಚ್ಚಿ ಕುಡಿಯಬೇಕು, ಉಳಿದದ್ದನ್ನು ಆನ್ನಾ ಕುಡಿಯಬೇಕು. ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಅವರು ನಗುತ್ತಲೇ ಬಂದರು.

"ನಾಟಕ ಮಾಡ್ರಿ ಅಕ್ಕೋರ, ಬ್ಯಾಡ ಅಂದವ್ರ್ಯಾರು? ತಂಬಿಗಿ ಯಾಕ ಬೇಕು? ಬಾಟ್ಲಿ ಇಡ್ರಿ. ಬಾಟ್ಲಿ ನೀರ ಎಲ್ಲಾರೂ ಎತ್ತೇ ಕುಡಿತಾರ, ಯಾರಿಗೂ ಬ್ಯಾಸರಿಲ್ಲ."

"ಆಗಿನ ಕಾಲದಾಗ ಪ್ಲಾಸ್ಟಿಕ್ ಬಾಟ್ಲಿ ಇರಲಿಲ್ರಿ, ಅಧ್ಯಕ್ಷರ."

"ಹಗೇವ ಇತ್ತೇನ್ರಿ?" ಎಂದು ಅವರು ಎದ್ದರು. ಬಾಗಿಲಲ್ಲಿ ನಿಂತು, "ಮುಂದಿನ ವರ್ಷನೂ ನೀವ ಇಲ್ಲೇ ಇರಬೇಕಂತ ನಮಗ ಆಸೆ ಐತ್ರಿ" ಎಂದರು. ತಂಬಿಗೆ ಬದಲಾಗಲಿಲ್ಲ.

ಗ್ಯಾದರಿಂಗಿನ ದಿನ ತಂಬಿಗೆಯಲ್ಲಿ ನೀರಿತ್ತು. ಅಧ್ಯಕ್ಷರು ಮೊದಲ ಸಾಲಿನಲ್ಲಿದ್ದರು. ಹೆಣ್ಣುಮಕ್ಕಳ ಗುಂಪಿನ ಕೊನೆಗೆ ಸುಜಾತಾಳ ತಾಯಿ ಕೂತಿದ್ದರು. ಭಾಗ್ಯಶ್ರೀ ಕಲಿತಂತೆಯೇ ತಂಬಿಗೆಯನ್ನು ಮುಂದೆ ಹಿಡಿದಳು. ತಂದೆಯ ಕಡೆ ನೋಡಲೂ ಇಲ್ಲ. ಸುಜಾತಾ ತೆಗೆದುಕೊಳ್ಳಲಿಲ್ಲ. ಅವಳ ಕೈಗಳು ಬೊಗಸೆಯಾದವು.

"ತಗೋ, ರೂತ್."

ಬೊಗಸೆ ಹಾಗೆಯೇ ಇತ್ತು.

"ತಗೋ, ಸುಜಾತಾ." ನಾಟಕದ ಹೆಸರು ಕಳಚಿತ್ತು.

ಸುಜಾತಾ ಬಾಯೊಳಗೇ ಅಂದದ್ದನ್ನು ಮೈಕು ಹಿಡಿಯಿತು. "ಹೊಯ್ಯಿ, ಭಾಗ್ಯಾ. ನಾಳಿ ನಮ್ಮವ್ವ ನಿಮ್ಮ ಹೊಲಕ್ಕ ಬರಬೇಕು."

ಭಾಗ್ಯಶ್ರೀ ಹೊಯ್ಯಲಿಲ್ಲ. ತಂಬಿಗೆಯನ್ನು ಇಬ್ಬರ ನಡುವೆ ನೆಲಕ್ಕಿಟ್ಟು ನಿಂತಳು. ಅಷ್ಟರಲ್ಲಿ ಸೈನಿಕರ ವೇಷದವರು ತಮ್ಮ ಸರದಿ ಬಂತೆಂದು ನುಗ್ಗಿದರು. ನಾಟಕ ಮುಂದುವರಿಯಿತು. ರೂತ್ ನೀರು ಕುಡಿಯದೆಯೇ ಗಡಿ ದಾಟಿದಳು. ಚಪ್ಪಾಳೆ ಬಿತ್ತು. ನನ್ನ ವರದಿಯಲ್ಲಿ ನಾಟಕ ಮೆಚ್ಚುಗೆ ಗಳಿಸಿತೆಂಬ ಒಂದು ಸಾಲಿತ್ತು, ನೀರಿನ ಮಾತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಅಕ್ಕೋರಿಗೆ ಹುಕ್ಕೇರಿ ತಾಲೂಕಿಗೆ ವರ್ಗವಾಯಿತು. ಯಾರು ಮಾಡಿಸಿದರೆಂಬುದಕ್ಕೆ ನನ್ನ ಬಳಿ ದಾಖಲೆಯಿಲ್ಲ. ಗೋಕಾಕದ ಬಸ್ ನಿಲ್ದಾಣದಲ್ಲಿ ಸಿಕ್ಕರು.

"ಭಾಗ್ಯಶ್ರೀಗಿ ಹದಿನೈದ ದಿನ ಕೊಡೂದ ಕಲಿಸಿದ್ನಿ" ಎಂದರು. "ಸುಜಾತಾಗ ಒಮ್ಮಿನೂ ಕೇಳಲಿಲ್ರಿ, ತಗೊಳ್ಳಾಕ ಅಂಜಿಕಿ ಐತೇನವ್ವಾ ಅಂತ. ತಗೊಳ್ಳೂದು ಹಗೂರ ಅಂತ ತಿಳದಿದ್ನಿ." ಬಸ್ಸು ಬಂತು. ಹತ್ತುತ್ತ, "ಆಕಿ ಸಾಲಿ ಬಿಟ್ಟಿಲ್ಲಂತ ಒಮ್ಮಿ ನೋಡಿ ಹೇಳ್ರಿ" ಎಂದರು. ಅದೇ ಕೊನೆಯ ಭೇಟಿ.

ಜೂನಿನಲ್ಲಿ ನೋಡಿಬಂದೆ. ಸುಜಾತಾ ಶಾಲೆ ಬಿಟ್ಟಿರಲಿಲ್ಲ. ಹತ್ತನೆಯ ತರಗತಿಯಿಂದ ಎದ್ದು ಹೊರಗೆ ಬಂದು ಕೇಳಿದಳು: "ನಾನು ತಂಬಿಗಿ ತಗೊಂಡಿದ್ರ ಅಕ್ಕೋರ ಹೋಗ್ತಿರಲಿಲ್ಲೇನ್ರಿ?"

ಹಾಗೇನಿಲ್ಲ ಎಂದೆ. ಅವಳು ಶಾಲೆಗೆ ಬರುತ್ತಿದ್ದಾಳೆಂದು ಅಕ್ಕೋರಿಗೆ ಅಂದೇ ಫೋನ್ ಮಾಡಿ ತಿಳಿಸಿದೆ. ಅವಳು ಕೇಳಿದ್ದನ್ನು ಇಂದಿಗೂ ಹೇಳಿಲ್ಲ.