ತೋಳಿನ ಮೇಲೆ ಕೂತ ಪತಂಗ

ಬ್ಯಾಡಗಿ ಬಸ್ಸು ಕಾಯುತ್ತ ಮೆಣಸಿನ ಹೊಲಕ್ಕಿಳಿದೆ. ಬದುವಿನ ಮೇಲೆ ಸೆಣಬು ಹೂಬಿಟ್ಟಿತ್ತು. ಹಗಲಲ್ಲೇ ಹಾರುವ ಒಂದು ಪತಂಗದ ಫೋಟೋಕ್ಕಾಗಿ ನಿನ್ನೆಯಿಂದ ಅಲೆಯುತ್ತಿದ್ದೆ: ಬಿಳಿ ರೆಕ್ಕೆ, ಮೇಲೆ ಕೆಂಪು, ಕಪ್ಪು ಚುಕ್ಕೆ. ನೋಡಿದರೆ, ಕಳೆ ಕೀಳುತ್ತಿದ್ದ ಹೆಂಗಸಿನ ತೋಳಿನ ಮೇಲೆ ಕೂತಿದೆ! ಸೀರೆಯ ಮೇಲೆ ಅವಳು ಗಂಡಸರ ಹಳೆಯ ಅಂಗಿ ತೊಟ್ಟಿದ್ದಳು. ರೀಲಿನಲ್ಲಿ ಒಂದೇ ಚಿತ್ರ ಉಳಿದಿತ್ತು. ಕ್ಯಾಮೆರಾ ಎತ್ತಿ ಹತ್ತಿರ ಹೋದೆ.

"ಅಲ್ಲೇ ನಿಂದರ್ರಿ. ಇದು ಮೈಮ್ಯಾಲ ಕುಂತ್ರ ತವರಮನಿಯವರು ಬರ್ತಾರ. ಹಾರಿಸಿದ್ರ ಅರ್ಧ ದಾರ್ಯಾಗ ಹೊಳ್ಳಿ ಹೋಗ್ತಾರ."

"ಯಾರು ಬರಬೇಕಿತ್ತು?"

"ನಮ್ಮಣ್ಣರಿ. ಹೊಲದ ಸಲುವಾಗಿ ಮಾತು ಬಿಟ್ಟಾನ. ಈ ಅಂಗಿ ಅವಂದ."

ಕ್ಯಾಮೆರಾ ಇಳಿಸಿದೆ. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಆ ತೋಳನ್ನು ಅಲುಗಿಸದೆ, ಅವಳು ಒಂದೇ ಕೈಯಲ್ಲಿ ಕಳೆ ಕೀಳುತ್ತಿದ್ದಳು.