ಹುಗ್ಗಿ ಪೈಲ್ವಾನ ಸೋತ ಕುಸ್ತಿ

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಆಗ ನಾನು ಹುಮನಾಬಾದಿನ ಒಂದು ಸಣ್ಣ ಸಮುದಾಯ ರೇಡಿಯೊ ಕೇಂದ್ರದಲ್ಲಿ ಕಾರ್ಯಕ್ರಮ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದ ಕೂಡಲೇ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಇದ್ದವರು ಒಟ್ಟು ನಾಲ್ಕು ಜನ, ಕೇಂದ್ರದ ಬೀಗದ ಕೈ ನನ್ನ ಪರ್ಸಿನಲ್ಲೇ ಇರುತ್ತಿತ್ತು. ಪ್ರಸಾರಕ್ಕೆ ಹೋಗುವ ಪ್ರತಿಯೊಂದು ಮಾತನ್ನೂ ಮೊದಲು ಕೇಳಿ, ಬೇಡದ್ದನ್ನು ತೆಗೆಸಿ, ಹಾಳೆಯ ಮೇಲೆ ‘ಹೋಗಲಿ’ ಎಂದು ಸಹಿ ಹಾಕುವುದು ನನ್ನ ಕೆಲಸ. ಸ್ವಭಾವವೂ ಅದಕ್ಕೆ ತಕ್ಕದ್ದೇ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಮನೆಯಲ್ಲೂ ಅನ್ನುತ್ತಿದ್ದರು, ಕಚೇರಿಯಲ್ಲೂ ಅನ್ನುತ್ತಿದ್ದರು. ನಾನು ಬೇಸರ ಮಾಡಿಕೊಂಡವಳಲ್ಲ. ಕಲ್ಲು ಸಿಕ್ಕ ದಿನಗಳೂ ಇದ್ದವು.

ಬೆಳಿಗ್ಗೆ ಆರೂವರೆಗೆ ನಮ್ಮದೊಂದು ಕ್ರೀಡಾ ಕಾರ್ಯಕ್ರಮವಿತ್ತು. ಹಿಂದಿನ ದಿನದ ಕ್ರಿಕೆಟ್ ಸ್ಕೋರು, ಊರಿನ ಕಬಡ್ಡಿ, ವಾಲಿಬಾಲ್ ಸುದ್ದಿ, ಆಮೇಲೆ ಕೇಳುಗರ ಆಟದ ನೆನಪು. ಇವೆಲ್ಲ ಇದ್ದರೂ ಜನ ಕಾಯುತ್ತಿದ್ದದ್ದು ಕೊನೆಯ ಆರು ನಿಮಿಷಕ್ಕೆ. ಆ ಆರು ನಿಮಿಷ ಹುಗ್ಗಿ ಪೈಲ್ವಾನನದು. ಗೋಧಿ ಹುಗ್ಗಿ ಕಂಡರೆ ಕುಸ್ತಿ ಮರೆಯುವ, ಪ್ರತಿ ಸಲ ಸೋಲುವ, ಪ್ರತಿ ಸೋಲಿಗೂ ಹೊಸ ನೆಪ ಹೇಳುವ ಒಬ್ಬ ತಮಾಷೆಯ ಪೈಲ್ವಾನ. ಆ ಪಾತ್ರ ಕಟ್ಟಿ ಆಡುತ್ತಿದ್ದವರು ಬಸವಕಲ್ಯಾಣದ ನಿವೃತ್ತ ಪಿ.ಟಿ. ಮಾಸ್ತರ್ ಬಾಬುರಾವ್. ಹರೆಯದಲ್ಲಿ ಅವರೂ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಮಣ್ಣು ಮೆತ್ತಿಕೊಂಡವರೇ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಐದಾರು ಕಂತು ಒಟ್ಟಿಗೆ ರೆಕಾರ್ಡ್ ಮಾಡಿ ಹೋಗುತ್ತಿದ್ದರು.

ಒಂದು ವಾರ ಅವರು ಹೊಸ ರೀತಿಯ ಕಂತು ತಂದರು. ‘ಈ ಸಲ ಖರೇ ಖರೇ ನಡದದ್ದು ಹೇಳತೀನ್ರಿ’ ಎಂದರು. ಮೂವತ್ತೈದು ವರ್ಷದ ಹಿಂದೆ ನಾರಾಯಣಪುರದ ಶಿವನ ಗುಡಿಯ ಹಿಂದಿನ ಬಯಲಿನಲ್ಲಿ ಅವರು ಸೋತ ಕುಸ್ತಿಯ ಕಥೆ. ಅಖಾಡಕ್ಕಿಳಿಯುವ ಮೊದಲು ಯಾರದೋ ಮನೆಯಲ್ಲಿ ಎರಡು ಬೋಗುಣಿ ಹುಗ್ಗಿ ಉಂಡಿದ್ದರಂತೆ. ಎದುರಾಳಿ ಸೊಂಟ ಹಿಡಿದ ಕೂಡಲೇ ಹೊಟ್ಟೆಯೊಳಗಿನ ಹುಗ್ಗಿ ಒಂದು ಕಡೆ, ಪೈಲ್ವಾನ ಒಂದು ಕಡೆ ವಾಲಿ, ತಮ್ಮಷ್ಟಕ್ಕೆ ತಾವೇ ಬಿದ್ದರಂತೆ. ‘ಅಂವಾ ನನ್ನ ಎತ್ತಿ ಒಗದಿಲ್ಲ, ಹುಗ್ಗೀನ ನನ್ನ ಒಗೀತು’ ಎಂದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆದರೆ ಅವರು ಎದುರಾಳಿಯ ಹೆಸರು, ಊರು ಎರಡನ್ನೂ ಹೇಳಿಬಿಟ್ಟಿದ್ದರು: ಮುಡಬಿಯ ವೈಜಿನಾಥ. ಬದುಕಿರುವವರ ಹೆಸರು ಹಾಸ್ಯದಲ್ಲಿ ಬರಬಾರದೆಂಬುದು ನನ್ನದೇ ನಿಯಮ. ಹೆಸರಿದ್ದ ಜಾಗ ಕತ್ತರಿಸಲು ಹೇಳಿ ಸಹಿ ಹಾಕಿದೆ. ಎಷ್ಟು ಎಚ್ಚರದವಳು ನಾನು ಎಂದು ಒಳಗೊಳಗೇ ಬೀಗಿದೆ ಕೂಡ.

ಹತ್ತು ದಿನ ಕಳೆದಿರಬೇಕು. ಅರವತ್ತು ದಾಟಿದ ಒಬ್ಬರು ಕೇಂದ್ರಕ್ಕೆ ಬಂದರು. ಬಿಳಿ ಧೋತರ, ಹೆಗಲ ಮೇಲೆ ಕಂಬಳಿ, ಒಡೆದು ಮುದುಡಿದ ಕಿವಿ. ಕುಸ್ತಿ ಆಡಿದವರ ಕಿವಿ ಹಾಗಾಗುತ್ತದೆ ಎಂಬಷ್ಟು ನನಗೆ ಗೊತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

‘ನಾ ವೈಜಿನಾಥರಿ, ಮುಡಬಿದಾಂವ. ನಿಮ್ಮ ರೇಡಿಯೋದಾಗ ನನ್ನ ಇಜ್ಜತ್ ತಗದೀರಿ.’

ನನ್ನ ತಲೆಯಲ್ಲಿ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ, ಅನುಮಾನ. ನಮ್ಮ ಟ್ರಾನ್ಸ್‌ಮಿಟರ್‌ನ ಶಕ್ತಿ ಹುಮನಾಬಾದಿನ ಸುತ್ತಲಿನ ಹಳ್ಳಿಗಳಿಗೇ ಮುಗಿಯುತ್ತದೆ. ಬಸವಕಲ್ಯಾಣದ ಆಚೆಗಿರುವ ಮುಡಬಿಯಲ್ಲಿ ನಮ್ಮ ದನಿ ಕೇಳುವುದೇ ಇಲ್ಲ. ಮೇಲಾಗಿ ಹೆಸರನ್ನು ನಾನೇ ತೆಗೆಸಿದ್ದೇನೆ. ಈ ಮನುಷ್ಯನಿಗೆ ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ, ಇಲ್ಲವೇ ರೇಡಿಯೊದಲ್ಲಿ ಮಾತಾಡುವ ಚಪಲ ಎಂದುಕೊಂಡೆ.

‘ನೀವು ಎಲ್ಲಿ ಕೇಳಿದಿರಿ?’ ಎಂದೆ, ಪೊಲೀಸರ ದನಿಯಲ್ಲಿ.

ಅವರು ಮೊಬೈಲ್ ತೆಗೆದು ಒತ್ತಿದರು. ವಾಟ್ಸಾಪ್‌ನಲ್ಲಿ ಬಂದ ತುಣುಕು. ಶುರುವಿನಲ್ಲೇ ‘ಮೂರು, ಎರಡು, ಒಂದು’ ಎಂಬ ಎಣಿಕೆ. ಆ ಎಣಿಕೆ ನಾವು ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಶುರು ಮಾಡುವಾಗ ಹೇಳುವುದು, ಪ್ರಸಾರದಲ್ಲಿ ಇರುವುದಿಲ್ಲ. ಅಂದರೆ ಕತ್ತರಿಸುವ ಮುಂಚಿನ ಹಸಿ ಧ್ವನಿಮುದ್ರಣ ಹೊರಗೆ ಹೋಗಿತ್ತು. ಹೆಸರು, ಊರು ಎಲ್ಲವೂ ಅದರಲ್ಲಿತ್ತು.

‘ನಾಕ ಊರಾಗ ನಾ ಪಂಚ ಕುಂದರತೀನ್ರಿ ಕುಸ್ತಿಗಿ,’ ಎಂದರು ವೈಜಿನಾಥ. ಪಂಚ ಎಂದರೆ ಅಖಾಡದ ತೀರ್ಪುಗಾರ. ‘ಬರೋ ಐತವಾರ ಚಿಟಗುಪ್ಪಾದಾಗ ಜಂಗೀ ಕುಸ್ತಿ ಅದಾವ. ಕಮಿಟಿಯವರು ಈ ಸಲ ಬ್ಯಾಡ ಬಿಡ್ರಿ ಕಾಕಾ ಅನ್ನಾಕತ್ಯಾರ. ಹುಗ್ಗಿ ಮ್ಯಾಲ ಗೆದ್ದಾಂವ ಪಂಚ ಹ್ಯಾಂಗ ಆಗತಾನ ಅಂತ ಮಂದಿ ನಗತಾದ.’

‘ಅದು ಬರೀ ತಮಾಷೆ. ಮಾಸ್ತರರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡಿದ್ದಾರೆ’ ಎಂದೆ.

ಅವರು ನನ್ನನ್ನೇ ನೋಡಿದರು. ‘ಮೇಡಮ್ಮರೆ, ಕುಸ್ತಿ ದಿನಾ ಯಾವ ಪೈಲ್ವಾನ ಹುಗ್ಗಿ ಉಂತಾನ? ಮುಂಜಾನಿಂದ ಖಾಲಿ ಹೊಟ್ಟಿಲೆ ಇರತೀವಿ ನಾವು. ಇಷ್ಟು ಕೇಳಾಕ ನಿಮಗ ಹೊಳೀಲಿಲ್ಲೇನ್ರಿ?’

ಹೊಳೆದಿರಲಿಲ್ಲ. ಪ್ರತಿ ಸ್ಕೋರನ್ನೂ ಎರಡು ಕಡೆ ತಾಳೆ ನೋಡುವವಳು ಈ ಒಂದು ಪ್ರಶ್ನೆ ಕೇಳಿರಲಿಲ್ಲ. ವಿಚಾರಿಸುತ್ತೇನೆ ಎಂದು ಅವರನ್ನು ಕಳಿಸಿಕೊಟ್ಟೆ.

ಅವರು ಹೊರಟ ಮೇಲೆ ಕಳ್ಳನನ್ನು ಹುಡುಕಲು ಕೂತೆ. ಹಸಿ ಧ್ವನಿಮುದ್ರಣ ಇರುವುದು ಒಂದೇ ಕಂಪ್ಯೂಟರಿನಲ್ಲಿ, ಅದರ ಪಾಸ್‌ವರ್ಡ್ ಇದ್ದದ್ದು ನನ್ನ ಹತ್ತಿರ ಮತ್ತು ತಂತ್ರಜ್ಞ ಸಿದ್ರಾಮನ ಹತ್ತಿರ. ಸಿದ್ರಾಮ ನನ್ನ ಜೊತೆ ಎಂಟು ವರ್ಷ ದುಡಿದವನು, ಎರಡು ಮಕ್ಕಳ ತಂದೆ. ಆದರೂ ಬಾಗಿಲು ಹಾಕಿ ನೇರವಾಗಿ ಕೇಳಿದೆ. ಅವನು ತಡವರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಕಂಡಿತು ನನಗೆ. ಫೋನು ತೋರಿಸು ಎಂದೆ. ಅವನ ಮುಖ ಸಣ್ಣದಾಯಿತು.

‘ನೋಡ್ರಿ ಮೇಡಮ್, ಎಲ್ಲಾ ನೋಡ್ರಿ,’ ಎಂದು ಫೋನನ್ನು ಮೇಜಿನ ಮೇಲಿಟ್ಟ. ‘ಮಾಸ್ತರ್ ಪ್ರತಿ ಸಲಾನೂ ತಮ್ಮ ರೆಕಾರ್ಡಿಂಗ್ ಪೆನ್‌ಡ್ರೈವ್‌ನಾಗ ಒಯ್ತಾರ. ಮನ್ಯಾಗ ಕೇಳಿ ತಪ್ಪು ತಿದ್ದಿಕೋತೀನಿ ಅಂತಾರ. ಮೊದಲ ವಾರನ ನಿಮಗ ಕೇಳಿದ್ದೆ. ಒಯ್ಯಲಿ ಅಂದಿದ್ರಿ.’

ಹೌದು, ಅಂದಿದ್ದೆ. ಪಾಪ, ಅವನು ತಡವರಿಸಿದ್ದು ನನ್ನ ತಪ್ಪನ್ನು ನನಗೇ ಹೇಗೆ ಹೇಳುವುದೆಂಬ ಸಂಕೋಚಕ್ಕೆ. ನಾಚಿಕೆಯಿಂದ ಫೋನನ್ನು ಅವನ ಕಡೆ ಸರಿಸಿದೆ. ಕ್ಷಮಿಸು ಎನ್ನಲು ಮಾತ್ರ ಆ ದಿನ ನನಗೆ ಬಾಯಿ ಬರಲಿಲ್ಲ.

ಮರುದಿನ ಬಸವಕಲ್ಯಾಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾಸ್ತರರ ಮೇಲೆ ಅನುಮಾನದ ಮೂಟೆ ಕಟ್ಟುತ್ತಾ ಹೋದೆ. ಹಳೇ ದ್ವೇಷವೇ? ವೈಜಿನಾಥರ ಪಂಚಗಿರಿ ಇವರಿಗೆ ಬೇಕೇ? ಬೇಕೆಂದೇ ಹರಿಬಿಟ್ಟರೇ? ಮನೆ ಮುಟ್ಟಿದಾಗ ಮಾಸ್ತರರು ಅಂಗಳದ ಬೇವಿನ ಕೆಳಗೆ ಕೂತು ಪೇಪರು ಓದುತ್ತಿದ್ದರು. ತುಣುಕನ್ನು ಹಳೇ ತಾಲೀಮು ಗೆಳೆಯರ ಗುಂಪಿಗೆ ತಾವೇ ಹಾಕಿದ್ದಾಗಿ ಕೇಳಿದ ಕೂಡಲೇ ಒಪ್ಪಿಕೊಂಡರು. ಅಲ್ಲಿಂದ ಅದು ಎಲ್ಲೆಲ್ಲಿ ಹೋಯಿತೋ ಅವರಿಗೂ ತಿಳಿಯದು.

‘ನಾ ಏನ್ ಅಂವಗ ಬೈದೀನೇನ್ರಿ? ಮಜಾಕ್ ಮಾಡಿಕೊಂಡದ್ದು ನನ್ನ ಮ್ಯಾಲ. ನನ್ನ ಮಾನಾ ನಾ ಕಳಕೊಂಡ್ರ ಅಂವಗೇನು?’

‘ಆವತ್ತು ನಿಜವಾಗಿ ಹುಗ್ಗಿ ಉಂಡಿದ್ದಿರಾ ಮಾಸ್ತರೆ?’

ಪೇಪರನ್ನು ಮಡಚಿದರು. ಮತ್ತೆ ಬಿಚ್ಚಿದರು.

‘ಇಲ್ರಿ. ಅಂವಾ ಧೋಬಿ ಪಛಾಡ್ ಹಾಕಿದಾ. ನಾ ಎರಡು ಸಲ ತಪ್ಪಿಸಿಕೊಂಡೆ, ಮೂರನೇ ಸಲಕ್ಕ ಎತ್ತಿ ಒಗದಾ. ಅಷ್ಟು ಚಂದ ಡಾವು ನಾ ಮತ್ತ ನೋಡಿಲ್ಲ. ಸೋತೆ ಅನ್ನಾಕ ಬಾಯಿ ಬರಲಿಲ್ರಿ. ಮೊದಲ ಕಾಲು ಜಾರಿತು ಅಂದೆ, ಆಮ್ಯಾಲ ಜ್ವರ ಇತ್ತು ಅಂದೆ. ಹುಗ್ಗಿ ಅಂದಾಗ ಮಂದಿ ನಕ್ಕರು. ನಕ್ಕರ ಸೋತದ್ದು ಮೈಗಿ ಹತ್ತಾಂಗಿಲ್ರಿ.’

ಅಗಸರು ಬಟ್ಟೆಯನ್ನು ಹೆಗಲ ಮೇಲಿಂದ ಕಲ್ಲಿಗೆ ಒಗೆಯುವ ಹಾಗೆ ಎದುರಾಳಿಯನ್ನು ಬೆನ್ನ ಮೇಲಿಂದ ಎಸೆಯುವ ಡಾವಿಗೆ, ಅಂದರೆ ಪಟ್ಟಿಗೆ, ಧೋಬಿ ಪಛಾಡ್ ಎನ್ನುತ್ತಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಎಷ್ಟೋ ಸಲ ಬಳಸಿದ್ದೆ. ಮೀಸೆಯ ಮಣ್ಣನ್ನು ಇನ್ನೊಬ್ಬರ ಮುಖಕ್ಕೆ ಒರೆಸಬಹುದೆಂದು ಆ ದಿನವೇ ಗೊತ್ತಾದದ್ದು.

ವೈಜಿನಾಥರಿಗೆ ಫೋನು ಮಾಡಿ, ನೀವೇ ಬಂದು ನಿಮ್ಮ ಮಾತು ಹೇಳಿ ಎಂದೆ. ‘ನಾ ಯಾಕ ಬರಲಿ? ಕೆಡಿಸಿದಾಂವ ಕಟ್ಟಲಿ’ ಎಂದು ಇಟ್ಟುಬಿಟ್ಟರು. ಶುಕ್ರವಾರ ಬೆಳಿಗ್ಗೆ ಮಾಸ್ತರರನ್ನು ನೇರ ಪ್ರಸಾರದಲ್ಲಿ ಕೂರಿಸಿದೆ. ಪಾತ್ರದ ದನಿ ಬಿಟ್ಟು, ತಮ್ಮ ಸ್ವಂತ ದನಿಯಲ್ಲಿ, ಹುಗ್ಗಿ ಸುಳ್ಳು, ವೈಜಿನಾಥರು ಗೆದ್ದದ್ದು ಖರೆ ಎಂದು ಹೇಳಿದರು. ಪ್ರಾಮಾಣಿಕವಾಗಿಯೇ ಹೇಳಿದರು. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಕೇಳುಗರ ಸಂದೇಶಗಳು ಬರತೊಡಗಿದವು: ‘ಮಾಸ್ತರ್, ಇವತ್ತಂತೂ ಹೊಟ್ಟಿ ಹುಣ್ಣಾಗೋವಷ್ಟು ನಗಸಿದ್ರಿ.’ ‘ಹುಗ್ಗಿ ಪೈಲ್ವಾನನ ಹೊಸ ನೆಪ ಭಾರಿ ಅದ.’

ಒಬ್ಬರೂ ನಂಬಿರಲಿಲ್ಲ. ಎರಡು ವರ್ಷ ಅದೇ ಬಾಯಿಂದ ಸುಳ್ಳು ಕೇಳಿ ನಕ್ಕವರು, ನಿಜವನ್ನೂ ಹಾಗೇ ಕೇಳಿದರು. ಮಾಸ್ತರರು ಆ ಸಂದೇಶಗಳನ್ನೆಲ್ಲ ಒಂದೊಂದಾಗಿ ಓದಿದರು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಇವರು ಇನ್ನು ಕೈ ತೊಳೆದುಕೊಂಡರು ಎಂದು ನಾನು ಮತ್ತೆ ಅನುಮಾನಿಸಿದೆ.

ಭಾನುವಾರ ಚಿಟಗುಪ್ಪಕ್ಕೆ ಹೋದದ್ದು ಸುದ್ದಿ ಮಾಡಲಿಕ್ಕಲ್ಲ, ಮನಸ್ಸು ನಿಲ್ಲದೆ. ಅಖಾಡದ ಹತ್ತಿರ ಹೆಂಗಸರು ಯಾರೂ ಇರಲಿಲ್ಲ. ಒಂದು ಟೆಂಪೋದ ಮಗ್ಗುಲಲ್ಲಿ ನಿಂತೆ. ವೈಜಿನಾಥರು ಬಂದಿದ್ದರು, ಆದರೆ ಪಂಚರ ಸಾಲಿನಲ್ಲಲ್ಲ. ಜನರ ನಡುವೆ, ಕಂಬಳಿ ಹಾಸಿಕೊಂಡು ಕೂತಿದ್ದರು. ಹಲಗಿ ವಾದ್ಯ ಬಾರಿಸುತ್ತಿದ್ದರು. ಮೊದಲ ಜೋಡಿ ಇಳಿಯಬೇಕು, ಅಷ್ಟರಲ್ಲಿ ಬಾಬುರಾವ್ ಮಾಸ್ತರರು ಗುಂಪು ಸರಿಸಿಕೊಂಡು ಅಖಾಡದ ನಡುವೆ ಹೋದರು. ಗುರುತಿನವರು ‘ಹುಗ್ಗಿ ಪೈಲ್ವಾನ, ಹುಗ್ಗಿ ಪೈಲ್ವಾನ’ ಎಂದು ಸಿಳ್ಳೆ ಹಾಕಿದರು.

ಮಾಸ್ತರರು ಅಂಗಿ, ಬನಿಯನ್ ಬಿಚ್ಚಿದರು. ಅರವತ್ತೆರಡರ ಮೈ, ಬಿಳಿ ಕೂದಲಿನ ಎದೆ. ನಗು ಜೋರಾಯಿತು. ಅವರು ಕೆಮ್ಮಣ್ಣಿನ ಮೇಲೆ ಅಂಗಾತ ಮಲಗಿ, ಎರಡೂ ಭುಜ ನೆಲಕ್ಕೆ ಒತ್ತಿ, ಎದ್ದರು. ಅಲ್ಲಿಯ ಪದ್ಧತಿ ಏನೆಂದರೆ, ತೀರ್ಪಿನ ಬಗ್ಗೆ ತಕರಾರು ಬಂದಾಗ ಸೋತವನನ್ನು ತಿರುಗಿಸಿ ಬೆನ್ನ ಮಣ್ಣು ಜನಕ್ಕೆ ತೋರಿಸುತ್ತಾರೆ. ಎರಡೂ ಭುಜಕ್ಕೆ ಮಣ್ಣು ಹತ್ತಿದ್ದರೆ ಮಾತು ಮುಗಿಯಿತು. ಮಾಸ್ತರರು ತಾವೇ ನಾಲ್ಕೂ ದಿಕ್ಕಿಗೆ ತಿರುಗಿ ಬೆನ್ನು ತೋರಿಸಿದರು. ಮೂರನೇ ದಿಕ್ಕಿಗೆ ತಿರುಗುವಾಗ ನಗು ನಿಂತಿತು. ಹಲಗಿಯೂ ನಿಂತಿತು.

‘ನಾರಾಯಣಪುರದಾಗ ಇಂವಾ ನನಗ ಒಗದದ್ದು ಹಿಂಗ,’ ಎಂದರು ವೈಜಿನಾಥರ ಕಡೆ ಕೈ ತೋರಿಸಿ, ಮೈಕಿಲ್ಲದೆ, ಮೈದಾನದಲ್ಲಿ ಕವಾಯತು ಮಾಡಿಸುವ ಮಾಸ್ತರರ ದನಿಯಲ್ಲಿ. ‘ನನ್ನ ಹೊಟ್ಟಿ ಖಾಲಿ ಇತ್ತು. ಇಂವಾ ಪಂಚ ಕುಂದರಲಿಲ್ಲಂದ್ರ ಇಲ್ಲಿ ಕುಸ್ತಿ ಆಗಬಾರದು.’

ಕಮಿಟಿಯ ಹಿರಿಯರು ಎದ್ದುಹೋಗಿ ವೈಜಿನಾಥರ ಕೈ ಹಿಡಿದರು. ಅವರು ಕೂಡಲೇ ಏಳಲಿಲ್ಲ. ಎದ್ದವರು ನೇರ ಮಾಸ್ತರರ ಹತ್ತಿರ ಬಂದು, ಅಂಗೈಯಿಂದ ಬೆನ್ನಿನ ಮಣ್ಣು ಝಾಡಿಸಿದರು. ‘ಅಂಗಿ ಹಾಕ್ಕೋ, ಥಂಡಿ ಅದ’ ಎಂದರು. ಅಪ್ಪಿಕೊಳ್ಳಲಿಲ್ಲ, ನಗಲೂ ಇಲ್ಲ. ಹೋಗಿ ಪಂಚರ ಸಾಲಿನಲ್ಲಿ ಕೂತರು. ಟೆಂಪೋದ ಮರೆಯಲ್ಲಿ ನಿಂತು ನಾನು ಅತ್ತೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹುಗ್ಗಿ ಪೈಲ್ವಾನನನ್ನು ಮಾಸ್ತರರು ಮತ್ತೆ ಆಡಲಿಲ್ಲ. ತಿಂಗಳುಗಟ್ಟಲೆ ಕೇಳುಗರು ಬೈದರು, ಬೈಸಿಕೊಂಡೆ. ಸೋಮವಾರ ಕಚೇರಿಗೆ ಹೋದವಳೇ ಸಿದ್ರಾಮನ ಕ್ಷಮೆ ಕೇಳಿದೆ. ‘ಇರಲಿ ಬಿಡ್ರಿ ಮೇಡಮ್’ ಎಂದ. ಆದರೂ ಆಮೇಲೆ ನಾನು ಕೇಳದಿದ್ದರೂ ತನ್ನ ಫೋನನ್ನು ಮೇಜಿನ ಮೇಲೆ, ನನಗೆ ಕಾಣುವ ಹಾಗೆ ಇಡತೊಡಗಿದ. ನಾನು ನಿವೃತ್ತಳಾಗುವ ದಿನದವರೆಗೂ ಹಾಗೇ ಇಟ್ಟ.

ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವವನಿಂದ ಯಾರಿಗೂ ನಷ್ಟವಿಲ್ಲ ಎಂದು ನಮ್ಮ ವೃತ್ತಿಯಲ್ಲಿ ಎಲ್ಲರೂ ನಂಬುತ್ತಾರೆ. ಯಾರೋ ಗೆಲ್ಲದೆ ಯಾರೂ ಸೋತಿರುವುದಿಲ್ಲ ಎಂಬುದನ್ನು ನನಗೆ ಕಲಿಸಿದ್ದು ಆ ಆರು ನಿಮಿಷದ ಕಂತು. ಎಂಟು ವರ್ಷದ ಜೊತೆಗಾರನನ್ನು ಅನುಮಾನಿಸಿದೆ, ನ್ಯಾಯ ಕೇಳಲು ಬಂದವರನ್ನು ಅನುಮಾನಿಸಿದೆ. ನನ್ನನ್ನು ನಗಿಸಿದ ಮಾತೊಂದನ್ನು ಮಾತ್ರ ಅನುಮಾನಿಸದೆ ಸಹಿ ಹಾಕಿದೆ.