ಮಾಯ್ ಶಿಕ್ಷೆ ಕೇಳಲು ಹೋದದ್ದು

ಅಥವಾ ಮಾಯ್ ಕಾರ್ಕಳಕ್ಕೆ ಹೋದ ಆ ಬಸ್ಸಿನಲ್ಲಿ ನಾನು ಇರಲೇ ಇಲ್ಲವೋ ಏನೋ. ಕಾಪುವಿನಲ್ಲಿರುವ ಅಕ್ಕ ಗ್ರೇಸಿ ಹಾಗೆಯೇ ಹೇಳುತ್ತಾಳೆ. "ನೀನು ಎಲ್ಲಿದ್ದಿ ಮಾರಾಯ್ತಿ? ಮಾಯ್ ಜೊತೆ ಹೋದದ್ದು ನಾನು. ನೀನು ಗೇರುಹಣ್ಣು ತಿಂದು ಗಂಟಲು ಕೆರೆದುಕೊಂಡು ಮನೆಯಲ್ಲಿ ಕೂತಿದ್ದಿ." ಆದರೆ ಕಾರ್ಕಳದ ಆ ಕಚೇರಿಯ ಬೆಂಚು ನನಗೆ ಚೆನ್ನಾಗಿ ಗೊತ್ತು. ಅದರ ಒಂದು ಕಾಲು ಗಿಡ್ಡ. ಮಾಯ್ ಅಲುಗಿದಾಗೆಲ್ಲ ಟಕ್ ಎನ್ನುತ್ತಿತ್ತು. ಹೋಗದ ಜಾಗದ ಬೆಂಚಿನ ಸದ್ದು ಕಿವಿಯಲ್ಲಿ ಉಳಿಯುವುದು ಹೇಗೆ? ಅಕ್ಕ ಹೇಳಿದ್ದನ್ನು ಕೇಳಿ ಕೇಳಿ ನಾನೇ ಒಂದು ಬೆಂಚು ಮಾಡಿಸಿ ಅಲ್ಲಿ ಹಾಕಿರಲೂಬಹುದು. ಓದುವವರು ಅದರ ಮೇಲೆ ಪೂರ್ತಿ ಭಾರ ಬಿಟ್ಟು ಕೂರದಿರುವುದು ಒಳ್ಳೆಯದು.

ಮಾಯ್ ಎಂದರೆ ಅಪ್ಪನ ತಾಯಿ. ಮನೆ ಅಜೆಕಾರಿನಿಂದ ಒಳಗೆ, ಗುಡ್ಡೆಯ ಬದಿಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ದಿನಗಳಲ್ಲಿ ನಮಗೆ ಎರಡು ಪಂಚಾಂಗಗಳಿದ್ದವು, ಒಂದು ಇಗರ್ಜಿಯದ್ದು, ಇನ್ನೊಂದು ಗುಡ್ಡೆಯದ್ದು. ಎರಡಕ್ಕೂ ಬೇಸಿಗೆಯಲ್ಲಿ ಜಗಳ. ಇಗರ್ಜಿಯಲ್ಲಿ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗಿ, ಶುಕ್ರವಾರ ಮಾಂಸ ಮಾತ್ರವಲ್ಲ ಮೀನೂ ಇಲ್ಲದೆ ಕುಚಲಕ್ಕಿ ಗಂಜಿಗೆ ಹುರುಳಿ ಚಟ್ನಿಯೇ ಗತಿ ಎಂದಾಗುವ ಹೊತ್ತಿಗೆ ಸರಿಯಾಗಿ ಗುಡ್ಡೆಯಲ್ಲಿ ಗೇರುಹಣ್ಣು ಹಳದಿ, ಕೆಂಪಾಗಿ ಉದುರುತ್ತಿತ್ತು. ದೇವರು ಬಾಯಿ ಕಟ್ಟು ಎನ್ನುವಾಗ ಮರ ಬಾಯಿ ತೆರೆ ಎನ್ನುತ್ತಿತ್ತು.

ಹೆಕ್ಕುವುದು ಮಕ್ಕಳ ಕೆಲಸ. ಹಣ್ಣಿನಿಂದ ಬೀಜ ತಿರುಚಿ ತೆಗೆದರೆ ಬೀಜ ಅಂಗಡಿಗೆ, ಹಣ್ಣು ಮಾಯ್‌ಗೆ. ಅದರಲ್ಲಿ ನಾಲ್ಕು ಬೀಜ ಕದ್ದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ದೂರದಿಂದ ಕಲ್ಲಲ್ಲಿ ಹೊಡೆದು ಬೀಳಿಸಿದವರಿಗೆ ಬಿದ್ದದ್ದೆಲ್ಲ. ನಮ್ಮೆಲ್ಲರ ಬಟ್ಟೆಯ ಎದೆಯ ಮೇಲೆ ಯಾವ ಸಾಬೂನಿಗೂ ಹೋಗದ ಕಂದು ಕಲೆ. ಬಚ್ಚಲ ಹಿಂದಿನ ಮಾಡಿನಡಿ ಹಿಂಡಿಟ್ಟ ರಸ ಹುಳಿಯೇರುವಾಗ ಬರುವ ವಾಸನೆ, ಸಿಹಿಯೂ ಹೌದು, ಕೊಳೆತದ್ದೂ ಹೌದು, ಅದನ್ನು ಬರೆಯಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಆ ರಸವನ್ನು ಮಾಯ್ ತಾಮ್ರದ ಹಂಡೆಯಲ್ಲಿ ಕುದಿಸಿ, ಆವಿಯನ್ನು ತಣ್ಣೀರಿನೊಳಗಿನ ನಳಿಗೆಯಲ್ಲಿ ಹಾಯಿಸಿ, ಹನಿಹನಿಯಾಗಿ ಸಾರಾಯಿ ಇಳಿಸುತ್ತಿದ್ದಳು. ವರ್ಷಕ್ಕೆ ಕೆಲವೇ ಬಾಟ್ಲಿ. ಮಾರಲಿಕ್ಕಲ್ಲ. ಬಾಣಂತಿಯರಿಗೆ ಒಂದು ಚಮಚ, ಮೈಕೈ ನೋವಿಗೆ ತಿಕ್ಕಲು ಒಂದಿಷ್ಟು. ಕೆಳಗಿನ ಮನೆಯ ಗಿರಿಜಕ್ಕನ ಮೂರೂ ಬಾಣಂತನಕ್ಕೆ ಹೋದದ್ದು ಅದೇ. ಮೊದಲಿದ್ದ ಮುದಿ ಪಾದ್ರಿಗಳ ಮೊಣಕಾಲಿಗೂ ಒಂದು ಬಾಟ್ಲಿ ಹೋಗುತ್ತಿತ್ತು. ಅದರಲ್ಲಿ ಮೊಣಕಾಲಿಗೆ ಸಿಕ್ಕಿದ್ದೆಷ್ಟು ಎಂದು ಯಾರೂ ಕೇಳಿದವರಲ್ಲ.

ಆ ವರ್ಷ ಹೊಸ ಪಾದ್ರಿಗಳು ಬಂದರು. ಎಳೆಯವರು, ಕನ್ನಡಕ. ತಪಸ್ಸಿನ ಕಾಲದ ಒಂದು ಭಾನುವಾರ ದೇವರ ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದರ ಮೇಲೆ ಪ್ರಸಂಗ ಮಾಡಿದರು. ತಂದೆತಾಯಿಯನ್ನು ಗೌರವಿಸು ಎಂಬುದರಲ್ಲಿ ಊರನ್ನು ಆಳುವವರೂ ಸೇರುತ್ತಾರೆ, ಟಿಕೇಟಿಲ್ಲದೆ ಬಸ್ಸು ಹತ್ತುವುದು, ಕದ್ದು ಸಾರಾಯಿ ಇಳಿಸುವುದು, ಇವೂ ನೀವು ದೇವರ ಮುಂದೆ ಯೋಚಿಸಬೇಕಾದ ಸಂಗತಿಗಳು ಎಂದರು. ಯಾರನ್ನೂ ನೋಡಿ ಹೇಳಲಿಲ್ಲ. ಆದರೆ ಪಾದ್ರಿಗಳ ಕೈಯಿಂದ ಯೇಸುವಿನ ರೊಟ್ಟಿ ತೆಗೆದುಕೊಳ್ಳುವ ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರೂ ಮಾಯ್ ಏಳಲಿಲ್ಲ.

ಹೊರಗೆ ಬಂದ ಮೇಲೆ ಅಮ್ಮ ಕೇಳಿದರು, "ನಿಮಗೆ ಹುಷಾರಿಲ್ಲವಾ ಮಾಯ್?"

"ಹುಷಾರುಂಟು. ಪಾಪ ಉಂಟಾ ಇಲ್ಲವಾ ಅಂತ ಮೊದಲು ಗೊತ್ತಾಗಲಿ."

ಅಪ್ಪನಿಗೆ ನಗು. "ಸರಕಾರಕ್ಕೆ ಸ್ವರ್ಗದಲ್ಲಿಯೂ ಒಂದು ಕಚೇರಿ ಉಂಟಾ ಮಾಯ್? ಅಲ್ಲಿಯೂ ಪರ್ಮಿಟ್ ಕೇಳುತ್ತಾರಾ?"

"ನೀನು ಅಲ್ಲಿಗೆ ಹೋಗುವವನಲ್ಲ, ನಿನಗೆ ಯಾಕೆ?" ಎಂದಳು ಮಾಯ್.

ನನಗೆ ನಗು ಬರಲಿಲ್ಲ. ಆ ಈಸ್ಟರಿಗೆ ನನ್ನ ಮೊದಲ ಪರಮಪ್ರಸಾದ. ಬಿಳಿ ಫ್ರಾಕಿಗೆ ಬಟ್ಟೆ ಬಂದಾಗಿತ್ತು. ಅಂದು ಮಾಯ್ ನನ್ನ ಜೊತೆಯಲ್ಲಿಯೇ ಹೋಗಿ ತೆಗೆದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ದೊಡ್ಡ ಪಾಪ ಇಟ್ಟುಕೊಂಡು ಪರಮಪ್ರಸಾದ ತೆಗೆದುಕೊಂಡರೆ ಅದು ಇನ್ನೂ ದೊಡ್ಡ ಪಾಪ ಎಂದು ಧರ್ಮೋಪದೇಶದ ಟೀಚರ್ ಹೇಳಿಕೊಟ್ಟಿದ್ದರು. ಮಾಯ್ ಅದನ್ನು ನನಗಿಂತ ಗಟ್ಟಿಯಾಗಿ ನಂಬುತ್ತಿದ್ದಳು.

ಪಾದ್ರಿಗಳು ಮನೆಮನೆಗೆ ಬರುವ ವಾಡಿಕೆಯಂತೆ ನಮ್ಮಲ್ಲಿಗೂ ಬಂದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಮಾತೆಲ್ಲ ಕೊಂಕಣಿಯಲ್ಲಿ ನಡೆದದ್ದು. ಇಲ್ಲಿ ಕನ್ನಡವಾಗುವಾಗ ಅದು ಎಷ್ಟು ನೆಟ್ಟಗಾಗಿದೆ, ಎಷ್ಟನ್ನು ನಾನು ದೊಡ್ಡವಳಾದ ಮೇಲೆ ಓದಿ ತುಂಬಿಸಿದ್ದೇನೆ, ಹೇಳಲಾರೆ.

"ಕಾನೂನು ಎಲ್ಲ ಒಂದೇ ಥರದ್ದಲ್ಲ ಮಾಯ್," ಎಂದರು ಅವರು. "ಇನ್ನೊಬ್ಬರ ಜೀವ, ಸೊತ್ತು ಕಾಯುವ ಕಾನೂನನ್ನು ಮುರಿದರೆ ದೇವರಿಗೇ ತಪ್ಪಿ ನಡೆದ ಹಾಗೆ. ದೇವರಿಗೆ ವಿರುದ್ಧವಾದ ಕಾನೂನು ಮಾಡಿದರೆ ಅದನ್ನು ಪಾಲಿಸಲೇಬಾರದು. ಇವೆರಡೂ ಅಲ್ಲದ್ದು ಕೆಲವು ಉಂಟು. ಅವು ಮನಸ್ಸಾಕ್ಷಿಯನ್ನು ಕಟ್ಟಿಹಾಕುವುದಿಲ್ಲ, ಸಿಕ್ಕಿಬಿದ್ದರೆ ಶಿಕ್ಷೆ ತೆಗೆದುಕೊಳ್ಳಲು ಸಿದ್ಧ ಇದ್ದರೆ ಪಾಪವಿಲ್ಲ ಅಂತ ಹಿಂದಿನ ಕೆಲವು ಪಂಡಿತರು ಹೇಳಿದ್ದಾರೆ. ಎಲ್ಲರೂ ಒಪ್ಪುವುದಿಲ್ಲ."

"ನೀವು ಒಪ್ಪುತ್ತೀರಾ?"

ಅವರು ಚಹಾ ಕುಡಿದರು. "ನಾನು ಈಗಷ್ಟೇ ಕಲಿತು ಬಂದವನು."

"ನನ್ನದು ಯಾವುದರಲ್ಲಿ ಬರುತ್ತದೆ?"

"ಕುಡಿದು ಹೆಂಡತಿಗೆ ಹೊಡೆಯುವವನಿಗೆ ಮಾರಿದರೆ ಒಂದು. ಬಾಣಂತಿಗೆ ಕೊಟ್ಟರೆ ಇನ್ನೊಂದು."

"ನಾನು ಮಾರಿದವಳಲ್ಲ."

"ಗೊತ್ತುಂಟು. ಸಿದ್ಧ ಇದ್ದೀರಲ್ಲ, ಸಾಕು."

ಮಾಯ್ ಅವರ ಖಾಲಿ ಲೋಟ ತೆಗೆದು ಬದಿಗಿಟ್ಟಳು. ಆಮೇಲೆ ಹೇಳಿದಳು, "ಈ ಗುಡ್ಡೆ ಹತ್ತಿ ಯಾರೂ ಹಿಡಿಯಲು ಬರುವುದಿಲ್ಲ ಅಂತ ನನಗೆ ಗೊತ್ತುಂಟು ಫಾದರ್. ಬರುವುದಿಲ್ಲ ಅಂತ ಗೊತ್ತಿದ್ದು ಸಿದ್ಧ ಇದ್ದೇನೆ ಅಂದರೆ ಅದು ಎಂತ ಸಿದ್ಧ?"

ನನಗೆ ಬೇರೆ ಎಲ್ಲದರ ಬಗ್ಗೆ ಅನುಮಾನವಿದ್ದರೂ ಮಾಯಿಯ ಈ ಮಾತಿನ ಬಗ್ಗೆ ಇಲ್ಲ. ಅಕ್ಕನಿಗೂ ಇದೇ ನೆನಪಿದೆ.

ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಕಳೆದು ಮರುದಿನ ಮಾಯ್ ಇಗರ್ಜಿಗೆ ಉಡುವ ಸೀರೆ ಉಟ್ಟಳು. ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಬಟ್ಟೆಯ ಚೀಲ, ಅದರಲ್ಲಿ ಟವೆಲು ಸುತ್ತಿದ ಒಂದು ಬಾಟ್ಲಿ. ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ ಮೂಗು ಅರಳಿಸಿದ. "ಎಂತ ಅಜ್ಜಿ, ಚೀಲದಲ್ಲಿ ಗುಡ್ಡೆಯೇ ಬಂದ ಹಾಗೆ ಉಂಟಲ್ಲ?"

"ಮದ್ದು," ಎಂದಳು ಮಾಯ್. ಅವನು ಮುಂದೆ ಹೋದ ಮೇಲೆ ತನಗೇ ಎಂಬಂತೆ, "ಅದು ಸುಳ್ಳಲ್ಲ," ಎಂದಳು.

ಅಬಕಾರಿ ಕಚೇರಿಯ ಸಾಹೇಬರು ಘಟ್ಟದ ಮೇಲಿನವರು. ಮಾತಿನಲ್ಲಿಯೇ ಗೊತ್ತಾಗುತ್ತಿತ್ತು. "ಏನಜ್ಜಿ, ಯಾರ ಮೇಲೆ ದೂರು?"

"ನನ್ನ ಮೇಲೆ," ಎಂದಳು ಮಾಯ್, ಶಾಲೆಯಲ್ಲಿ ಪಾಠ ಒಪ್ಪಿಸುವಂಥ ಕನ್ನಡದಲ್ಲಿ. "ನಾನು ಸಾರಾಯಿ ಇಳಿಸಿದ್ದೇನೆ. ಇದು ಅದೇ. ಶಿಕ್ಷೆ ಎಂತ ಉಂಟು ಅದನ್ನು ಕೊಡಬೇಕು."

ಅವರು ಮುಚ್ಚಳ ತೆಗೆದು ಮೂಸಿದರು. "ಚೆನ್ನಾಗೇ ಇಳಿಸಿದೀರಿ. ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಇಲ್ಲ. ನೀವು ಅಲ್ಲಿಗೆ ಬರುವುದಿಲ್ಲ, ಅದಕ್ಕೆ ನಾನೇ ಬಂದೆ."

"ಕೇಸ್ ಹಾಕಿದ್ರೆ ಜೈಲಜ್ಜಿ. ಗೊತ್ತಾ?"

"ಗೊತ್ತಿರಲಿಲ್ಲ. ಆದರೂ ಸಿದ್ಧ ಇದ್ದೇನೆ. ಈಸ್ಟರಿನ ಒಳಗೆ ಮುಗಿಯುತ್ತದಾ?"

ಪಕ್ಕದ ಮೇಜಿನ ಗುಮಾಸ್ತ ನಕ್ಕ. ಸಾಹೇಬರು ನಗಲಿಲ್ಲ. "ನಿಮ್ಮನ್ನ ಒಳಗೆ ಹಾಕಿ ನಾನು ಮನೆಗೆ ಹೋಗಿ ಊಟ ಮಾಡೋದು ಹೇಗಜ್ಜಿ? ಹೋಗಿ. ನಾನು ಏನೂ ನೋಡಿಲ್ಲ."

ಮಾಯ್ ಹೋಗಲಿಲ್ಲ. ಬೆಂಚಿನ ಮೇಲೆ ಕೂತಳು. ಟಕ್. ಊಟದ ಹೊತ್ತು ಮೀರಿತು. ಸಾಹೇಬರು ಎರಡು ಸಲ ಬಂದು ನೋಡಿ ಒಳಗೆ ಹೋದರು. ಕೊನೆಗೆ ಬಾಟ್ಲಿಯನ್ನು ಕಿಟಕಿಯ ಹೊರಗೆ ಬಗ್ಗಿಸಿ ಚೆಲ್ಲಿ ಖಾಲಿ ಬಾಟ್ಲಿಯನ್ನು ಮಾಯಿಯ ಕೈಗೆ ಕೊಟ್ಟರು. "ಆಯ್ತಲ್ಲ? ಇದೇ ಶಿಕ್ಷೆ. ಮಗೂಗೆ ಹಸಿವಾಗಿದೆ, ಕರ್ಕೊಂಡು ಹೋಗಿ." ಅಕ್ಕನ ಪ್ರಕಾರ ಅವರು ಚೆಲ್ಲಲೇ ಇಲ್ಲ, ತಮ್ಮ ಮೇಜಿನ ಖಾನೆಯಲ್ಲಿಟ್ಟುಕೊಂಡರು. ಕಿಟಕಿಯ ಕೆಳಗಿನ ಬಿಸಿ ಮಣ್ಣಿನಿಂದ ಎದ್ದ ವಾಸನೆ ನನಗೆ ನೆನಪಿದೆ. ಆದರೆ ಆ ವಾಸನೆಯನ್ನು ನಾನು ಎಲ್ಲಿಂದ ಬೇಕಾದರೂ ತಂದಿರಬಹುದು, ಅದು ನಮ್ಮ ಮನೆಯಲ್ಲೇ ಇತ್ತಲ್ಲ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ ಕೊಡಿಸಿದಳು. ತಾನು ತಿನ್ನಲಿಲ್ಲ. ನಾನು ಖುಷಿಯಲ್ಲಿದ್ದೆ. ಶಿಕ್ಷೆ ಆಯಿತು, ಇನ್ನು ಈಸ್ಟರಿಗೆ ಅಡ್ಡಿಯಿಲ್ಲ. ಬಸ್ಸು ಹೊರಟ ಮೇಲೆ ಮಾಯ್ ಬಾಯಿಬಿಟ್ಟಳು.

"ಏನೂ ನೋಡಿಲ್ಲ ಅಂದರಲ್ಲ. ನೋಡಿದ್ದಾರೆ. ಮೂಸಿಯೂ ನೋಡಿದ್ದಾರೆ."

"ಪಾಪ ಅಂತ ಬಿಟ್ಟರು ಮಾಯ್," ಎಂದೆ ನಾನು. ಅಥವಾ ಅಕ್ಕ.

"ಅದೇ. ಹಿಡಿಯಬೇಕಾದವರು ಹಿಡಿಯದಿದ್ದರೆ ಅದೂ ಕಾನೂನು ಮುರಿದ ಹಾಗೆ ಅಲ್ವಾ? ನನ್ನ ಮೇಲಿದ್ದದ್ದು ಈಗ ಅವರ ಮೇಲೆ ಹೋಯಿತು." ಕಿಟಕಿಯಾಚೆ ನೋಡುತ್ತಾ ಬಹಳ ದೂರ ಬಂದಳು. ಆಮೇಲೆ ಕೇಳಿದಳು, "ಅವರಿಗೆ ಕುಮ್ಸಾರ್ ಉಂಟಾ?"

ಕುಮ್ಸಾರ್ ಎಂದರೆ ಪಾದ್ರಿಗಳ ಮುಂದೆ ಪಾಪ ಹೇಳಿಕೊಳ್ಳುವುದು. ಸಾಹೇಬರ ಹಣೆಯಲ್ಲಿ ಕುಂಕುಮವಿತ್ತು.

"ಅವರಿಗೆ ಇಲ್ಲ."

"ಹಾಗಾದರೆ ಅವರು ಇದನ್ನು ಎಲ್ಲಿ ಹೋಗಿ ಹೇಳುತ್ತಾರೆ?"

ಈಸ್ಟರಿನ ಹಿಂದಿನ ದಿನ ಇಗರ್ಜಿಯಲ್ಲಿ ಕುಮ್ಸಾರಿಗೆ ಸಾಲು. ನಾನು ಬೀಜ ಕದ್ದದ್ದು, ಅಕ್ಕನನ್ನು ಚಿವುಟಿದ್ದು ಹೇಳಿ ಬೇಗ ಹೊರಬಂದೆ. ನನ್ನ ಹಿಂದೆ ಹೋದ ಮಾಯ್ ಬರಲೇ ಇಲ್ಲ. ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ಕುಮ್ಸಾರಿನ ಪೆಟ್ಟಿಗೆಯ ಜಾಲರಿಯ ಆಚೆಯಿಂದ ಗುಸುಗುಸು, ಈಚೆಯಿಂದ ಗುಸುಗುಸು. ಹೊರಬಂದವಳು ಯಾರ ಮುಖವನ್ನೂ ನೋಡದೆ ಮೊಣಕಾಲೂರಿದಳು. ಸಾಹೇಬರ ಪಾಪವನ್ನು ತಾನೇ ಹೇಳಿಕೊಂಡಳೇ, ಪಾದ್ರಿಗಳು ಅದಕ್ಕೆ ಏನೆಂದರು? ಆ ಜಾಲರಿಯ ಮಾತು ಹೊರಗೆ ಬರುವಂಥದ್ದಲ್ಲ.

ಈಸ್ಟರ್ ಬೆಳಿಗ್ಗೆ ನನ್ನ ಪಕ್ಕದಲ್ಲಿ ಮಾಯ್ ಇರಲಿಲ್ಲ. ಮಕ್ಕಳನ್ನೆಲ್ಲ ಟೀಚರ್ ಬೇರೆ ಸಾಲು ಮಾಡಿ ಮೊದಲು ಕರೆದೊಯ್ದರು. ಪರಮಪ್ರಸಾದ ತೆಗೆದುಕೊಂಡು ಬಂದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿ ಯೇಸುವಿನ ಜೊತೆ ಮಾತಾಡಬೇಕು, ಹಾಡು ಮುಗಿಯುವವರೆಗೆ ತೆರೆಯಬಾರದು ಎಂದು ಕಲಿಸಿದ್ದರು. ನಾನು ಮಾತಾಡಿದ್ದು ಒಂದೇ, ಮಾಯ್ ಬರಲಿ ಎಂದು. ಬೆರಳ ಸಂದಿಯಿಂದ ಒಮ್ಮೆ ನೋಡಿದೆ. ಹೆಂಗಸರ ಸಾಲು ನಡೆಯುತ್ತಿತ್ತು. ಎಲ್ಲರ ತಲೆಯ ಮೇಲೂ ಬಿಳಿ ಮುಸುಕು, ಎಲ್ಲರೂ ಸ್ವಲ್ಪ ಬಗ್ಗಿದವರು.

ಹೋದಳು, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅಕ್ಕ ಒಮ್ಮೆ ಹೇಳಿದ್ದಳು. ಹೋದ ವರ್ಷ ಕೇಳಿದರೆ, ಇಲ್ಲ, ಬೆಂಚಿನಲ್ಲೇ ಇದ್ದಳು, ಜಪಸರ ಹಿಡಿದಿದ್ದಳು ಎಂದಳು. ಅಂದು ಮಧ್ಯಾಹ್ನ ಕೋಳಿ ಸಾರು, ಇಡ್ಲಿಯಂಥ ಸನ್ನಾಸ್ ತಿಂದದ್ದಂತೂ ನಿಜ. ಮಾಯ್ ನನ್ನ ತಟ್ಟೆಗೆ ಎರಡೆರಡು ಸಲ ಬಡಿಸಿದಳು. ನಾನು ಕೇಳಬಹುದಿತ್ತು. ಮಕ್ಕಳಿಗೆ ಕೋಳಿ ಸಾರು ಬಂದ ಮೇಲೆ ಬೇರೆ ಯೋಚನೆ ಇರುವುದಿಲ್ಲ. ಮರುವರ್ಷ ಆ ತಾಮ್ರದ ಹಂಡೆಯಲ್ಲಿ ಸ್ನಾನದ ನೀರು ಕಾದಿತು. ಗಿರಿಜಕ್ಕನ ಸೊಸೆ ಹೆತ್ತಾಗ ನಮ್ಮ ಮನೆಯಿಂದ ಏನೂ ಹೋಗಲಿಲ್ಲ. ಅದಕ್ಕೆ ಮಾಯ್‌ಗೆ ನೆಮ್ಮದಿಯಾಯಿತೋ ನೋವಾಯಿತೋ, ಅದೂ ಕೇಳಿದವರಿಲ್ಲ.

ಈಗ ಆ ಗುಡ್ಡೆಯಲ್ಲಿ ರಬ್ಬರು. ಫೆಬ್ರವರಿ ಕಳೆದರೂ ಗಾಳಿಗೆ ಯಾವ ವಾಸನೆಯೂ ಇಲ್ಲ. ನಾನು ಪರ್ಕಳದಲ್ಲಿದ್ದೇನೆ. ಮಣಿಪಾಲದ ತಿರುವಿನಲ್ಲಿ ಹೆಲ್ಮೆಟ್ ಇಲ್ಲದ ನನ್ನ ತಲೆಯನ್ನು ಕ್ಯಾಮರಾ ಹಿಡಿಯುತ್ತದೆ, ಮೊಬೈಲಿಗೆ ದಂಡ ಬರುತ್ತದೆ, ಒತ್ತಿದರೆ ಮುಗಿಯಿತು. ಪಾದ್ರಿಗಳು ಹೇಳಿದ ಆ ಹಳೆಯ ಪಂಡಿತರಿಗೆ ನನ್ನಷ್ಟು ಒಪ್ಪುವ ಶಿಷ್ಯೆ ಸಿಗಲಿಕ್ಕಿಲ್ಲ. ಕುಮ್ಸಾರಿಗೆ ಹೋದಾಗ ಅದು ನೆನಪಿಗೂ ಬರುವುದಿಲ್ಲ. ನನ್ನನ್ನು ಹಿಡಿದದ್ದರಿಂದ ಅಥವಾ ಬಿಟ್ಟದ್ದರಿಂದ ಇನ್ನೊಬ್ಬರ ಮೇಲೆ ಏನಾದರೂ ಬಿತ್ತೇ ಎಂದು ಬಸ್ಸಿನ ಕಿಟಕಿಯಿಂದ ನೋಡುತ್ತಾ ಚಿಂತಿಸುವ ತಾಳ್ಮೆ ನನ್ನಲ್ಲಿಲ್ಲ, ನನಗೆ ಗೊತ್ತಿರುವ ಯಾರಲ್ಲೂ ಇಲ್ಲ.

ಮಾಯ್ ಸಿದ್ಧಳಾಗಿ ಕಾರ್ಕಳಕ್ಕೆ ಹೋದದ್ದು ನಿಜ. ಆ ಈಸ್ಟರ್ ಬೆಳಿಗ್ಗೆ ಅವಳು ಎದ್ದು ಪರಮಪ್ರಸಾದಕ್ಕೆ ಹೋದಳೋ, ಬೆಂಚಿನಲ್ಲೇ ಉಳಿದಳೋ ನನಗೆ ಗೊತ್ತಿಲ್ಲ.